ಜೋಳಿಗೆಗೆ ಹಾಕಿದ ಗುಳಿಗೆ

ಕಲಬುರಗಿಯಲ್ಲಿ ಶಿವರಾತ್ರಿ ಮುಗಿಯಿತೆಂದರೆ ಮನೆಮನೆಯಲ್ಲೂ ಕೂಲರ್ ತೊಳೆಯುವ ಹಬ್ಬ. ಜೇವರ್ಗಿ ಕಾಲೋನಿಯ ಜಗದೇವಿ ಟೀಚರ್ ಕೂಡ ಆ ರವಿವಾರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗನ ಕೋಣೆಯಲ್ಲಿ ನಾಲ್ಕು ತಿಂಗಳಿಂದ ಸುಮ್ಮನೆ ನಿಂತಿದ್ದ ಕೂಲರಿನ ಬದಿಯ ಜಾಳಿಗೆ ಬಿಚ್ಚಿದಳು. ಒಳಗೆ, ನೀರು ನಿಲ್ಲುವ ಜಾಗದಲ್ಲಿ, ಸಾರಾಯಿಯ ಖಾಲಿ ಪಾಕೀಟುಗಳಿದ್ದವು. ಒಂದೊಂದನ್ನೂ ಚಪ್ಪಟೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ಒಂದರ ಮೇಲೊಂದು ಜೋಡಿಸಿಟ್ಟಿದ್ದ. ಹುಡುಗ ಚಿಕ್ಕಂದಿನಿಂದಲೂ ಅಚ್ಚುಕಟ್ಟು. ಕಲಿಸಿದವಳು ಅವಳೇ.

ಅಳು ಬರಬೇಕಿತ್ತು, ಬರಲಿಲ್ಲ. ಜಗದೇವಿ ಎದ್ದು ಹೋಗಿ ಮೊದಲು ಕಿಟಕಿ ಮುಚ್ಚಿದಳು. ಪಕ್ಕದ ಮನೆಯ ಶೀಲಾ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದಳು, ನೋಡಿಬಿಟ್ಟರೆ? ಮಗ ಮತ್ತೆ ಕುಡಿಯಲು ಶುರುಮಾಡಿದ್ದಾನೆ ಎಂಬ ಮಾತು ಎದೆಗೆ ಇಳಿದದ್ದು ಚಿಲಕ ಹಾಕಿದ ಮೇಲೆ. ಆಮೇಲೆ ಇದನ್ನು ನೆನೆದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೆ ಕಾಲು ಮೊದಲು ಓಡಿದ್ದು ಕಿಟಕಿಯ ಕಡೆಗೇ, ಅದನ್ನು ಸುಳ್ಳೆನ್ನಲಾಗದು.

ಜಗದೇವಿ ಸರಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡ ಕಲಿಸುವವಳು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಕಾಲೋನಿಯಲ್ಲಿ ಯಾರ ಮನೆಯ ಲಗ್ನಪತ್ರಿಕೆಯಾದರೂ ಅಚ್ಚಿಗೆ ಹೋಗುವ ಮೊದಲು ಅವಳ ಕೆಂಪು ಪೆನ್ನಿನ ಕೆಳಗೆ ಹಾದು ಹೋಗಬೇಕು. ಇನ್ನೊಬ್ಬರ ತಪ್ಪು ಅವಳಿಗೆ ಹರದಾರಿ ದೂರದಿಂದಲೇ ಕಾಣುತ್ತಿತ್ತು. ತನ್ನದು ಮಾತ್ರ ಮಗನ ಕೂಲರಿನೊಳಗೆ ನಾಲ್ಕು ತಿಂಗಳಿಂದ ಬೆಚ್ಚಗೆ ಕುಳಿತಿತ್ತು.

ಒಬ್ಬನೇ ಮಗ, ವಿಶ್ವಾರಾಧ್ಯ. ಇಪ್ಪತ್ಮೂರು ವರ್ಷ. ಡಿಪ್ಲೊಮಾ ಓದುವಾಗ ಹತ್ತಿದ ಕುಡಿತ ಹಿಂದಿನ ವರ್ಷ ಅವನನ್ನು ಊರಿನ ಆ ತುದಿಗೆ, ಕೋಟೆ ದಾಟಿ ಹೋದರೆ ಸಿಗುವ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ತಂದು ಮುಟ್ಟಿಸಿತ್ತು. ಎರಡು ತಿಂಗಳು ಅಲ್ಲಿದ್ದ. ಮನೆಯಿಂದ ಆಟೋದಲ್ಲಿ ಇಪ್ಪತ್ತು ನಿಮಿಷದ ಹಾದಿ. ಕಾಲೋನಿಗೆ ಹೇಳಿದ್ದು ಮಾತ್ರ ಪುಣೆಯಲ್ಲಿ ಟ್ರೇನಿಂಗ್ ಎಂದು. ಪುಣೆ ಎಂದರೆ ಯಾರೂ ಮುಂದೆ ಕೇಳುವುದಿಲ್ಲ. ಅವನು ಬಿಡುಗಡೆಯಾಗಿ ಬಂದ ದಿನ ಜಗದೇವಿ ಪುಣೆಗೆ ಹೆಸರಾದ ಕುರುಕಲು ಬಾಕರವಡಿಯನ್ನು ಇಲ್ಲಿನ ಪೇಟೆಯಿಂದಲೇ ತಂದು, ಅಂಗಡಿಯ ಚೀಟಿ ಕಿತ್ತು, ಪುಣೆಯದು ಎಂದು ಏಳು ಮನೆಗೆ ಹಂಚಿದಳು. ಸುಳ್ಳಿಗೂ ಉಪ್ಪು ಖಾರ ಬೇಕಲ್ಲ.

ಕೇಂದ್ರದಲ್ಲಿ ಹಾಜಿರಾ ಎಂಬ ಕೌನ್ಸೆಲರ್ ಇದ್ದಳು. ಮೆತ್ತನೆಯ ಮಾತಿನ, ಆದರೆ ಮಾತು ಬದಲಿಸದ ಹೆಣ್ಣುಮಗಳು. ಮನೆಗೆ ಕಳಿಸುವಾಗ ಆಕೆ ಎರಡೇ ಮಾತು ಹೇಳಿದ್ದಳು: ವರ್ಷ ತುಂಬುವ ತನಕ ಗುಳಿಗೆ ಬಿಡಬಾರದು, ಪ್ರತಿ ಗುರುವಾರ ಬಂದು ಒಂದು ತಾಸು ಕೂತು ಹೋಗಬೇಕು. ವಿಶ್ವ ಎರಡನ್ನೂ ಪಾಲಿಸಿದ. ಮೈ ತುಂಬಿಕೊಂಡ. ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕೂ ಹೋಗತೊಡಗಿದ.

ಶ್ರಾವಣ ಬಂತು. ಕಮಲಾಪುರ ಜಗದೇವಿಯ ತವರು. ಅಣ್ಣ ದೌಲಪ್ಪ ಅಲ್ಲಿ ಕೆಂಪು ಬಾಳೆ ಬೆಳೆಯುವವನು, ಮಠದ ಭಕ್ತ. ಊರಿನ ಯಾವ ಕಾರ್ಯಕ್ರಮವೂ ಅವನ ಕೈಯಲ್ಲಿ ಮೈಕು ಇಲ್ಲದೆ ಆಗದು. ಆ ಸಲ ಮಠದ ಅಪ್ಪನವರು ಜೋಳಿಗೆ ಹಿಡಿದು ಕಮಲಾಪುರಕ್ಕೆ ಬಂದರು. ನಮ್ಮ ಕಡೆ ಹೀಗೊಂದು ಪದ್ಧತಿಯಿದೆ. ಸ್ವಾಮಿಗಳು ಕಾಳು ಕಡಿ ಬೇಡುವುದಿಲ್ಲ, ಚಟ ಬೇಡುತ್ತಾರೆ. ಚಟವಿದ್ದವನು ತನ್ನ ಬೀಡಿ ಕಟ್ಟನ್ನೋ ಗುಟ್ಕಾವನ್ನೋ ಬಾಟಲಿಯನ್ನೋ ಎಲ್ಲರ ಎದುರು ಜೋಳಿಗೆಗೆ ಹಾಕಿ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿ, ಹಣೆಗೆ ವಿಭೂತಿ ಹಚ್ಚಿಸಿಕೊಳ್ಳುತ್ತಾನೆ. ಹಾಕಿದ್ದನ್ನು ವಾಪಸು ಕೇಳುವಂತಿಲ್ಲ. ಎಷ್ಟೋ ಮನೆಗಳು ಇದರಿಂದ ಉಳಿದಿವೆ, ಅದನ್ನು ಅಲ್ಲಗಳೆಯಬಾರದು.

ಜಗದೇವಿಗೆ ಅದರಲ್ಲಿ ಕಂಡದ್ದು ಬೇರೆ. ಆಸ್ಪತ್ರೆ ಸೇರಿದವನ ತಾಯಿಯೆಂದರೆ ಜನ ಲೊಚಗುಟ್ಟುತ್ತಾರೆ. ಜೋಳಿಗೆಗೆ ಹಾಕಿದವನ ತಾಯಿಯೆಂದರೆ ಕೈಮುಗಿಯುತ್ತಾರೆ. ತವರಿನಲ್ಲಾದರೂ ತಲೆ ಎತ್ತಿ ನಿಲ್ಲುವ ಹಾದಿಯೊಂದು ಸಿಕ್ಕಿತಲ್ಲ ಎಂದು ಮಗನನ್ನು ಕರೆದುಕೊಂಡು ಹೋದಳು.

ಆದರೆ ವಿಶ್ವನ ಹತ್ತಿರ ಹಾಕಲು ಏನೂ ಇರಲಿಲ್ಲ. ಬಿಟ್ಟು ಆಗಲೇ ಆರು ತಿಂಗಳಾಗಿತ್ತು, ಬಾಟಲಿ ಎಲ್ಲಿಂದ ತರುವುದು? ಸಾಲು ಮುಂದೆ ಸರಿಯುತ್ತಿತ್ತು, ದೌಲಪ್ಪ ಮೈಕಿನಲ್ಲಿ ಹೆಸರು ಕೂಗಿಯೂ ಬಿಟ್ಟಿದ್ದ. ಜಗದೇವಿ ಮಗನ ಅಂಗಿಯ ಕಿಸೆಗೆ ಕೈಹಾಕಿ ಗುಳಿಗೆಯ ಪಟ್ಟಿ ತೆಗೆದು ಅವನ ಕೈಗಿಟ್ಟಳು.

“ಇದನ್ನ ಹಾಕು. ಇದೂ ಆ ಚಟದ್ದೇ ಅಲ್ಲೇನು.”

“ಅವ್ವಾ, ಇದು ಔಷಧ. ಹಾಜಿರಾ ಮೇಡಂ ವರ್ಷ ತನ ಬಿಡಬ್ಯಾಡ ಅಂದಾರ.”

“ಮುಂಜಾನೆ ನಾ ಮೇಡಂಗ ಫೋನ್ ಮಾಡಿದ್ದೆ. ಚಲೋ ಆಗ್ಯಾನ, ಇನ್ನ ಬಿಡಬಹುದು ಅಂದಾರ. ಹಾಕು ಲಗೂನ, ಮಂದಿ ನೋಡಾಕತ್ತಾರ.”

ಅವಳು ಫೋನ್ ಮಾಡಿರಲಿಲ್ಲ. ವಿಶ್ವ ತಾಯಿಯ ಮುಖ ನೋಡಿದ, ನಂಬಿದ, ಹಾಕಿದ. ಗುಟ್ಕಾ ಪಾಕೀಟುಗಳ ನಡುವೆ ಆ ಪಟ್ಟಿ ಯಾರ ಕಣ್ಣಿಗೂ ಬೀಳಲಿಲ್ಲ. ಜಗದೇವಿ ಮೈಕು ಹಿಡಿದು ಹತ್ತು ನಿಮಿಷ ಮಾತಾಡಿದಳು, ಹೆಂಗಸರು ಕಣ್ಣೊರೆಸಿಕೊಂಡರು. ಪೂರ್ತಿ ಗುಣವಾಯಿತೆಂದೇ ನಂಬಿದ ವಿಶ್ವ ಗುರುವಾರ ಹೋಗುವುದನ್ನೂ ಬಿಟ್ಟ. ಎರಡು ವಾರ ಬರಲಿಲ್ಲವೆಂದು ಹಾಜಿರಾ ಫೋನ್ ಮಾಡಿದಾಗ ಜಗದೇವಿ, “ಪುಣೆದಾಗ ನೌಕರಿ ಸಿಕ್ಕದ್ರಿ ಮೇಡಂ, ಗುಳಿಗಿ ತಗೊಂಡೇ ಹೋಗ್ಯಾನ,” ಎಂದಳು. ಹಾಜಿರಾ ಬಹಳ ಸಂತೋಷಪಟ್ಟಳು. ದೀಪಾವಳಿಯ ಹೊತ್ತಿಗೆ ಹುಡುಗ ಮೊದಲ ಪಾಕೀಟು ಒಡೆದಿದ್ದ.

ಇಷ್ಟೂ ಆ ರವಿವಾರ ಮುಚ್ಚಿದ ಕಿಟಕಿಯ ಮುಂದೆ ನಿಂತವಳಿಗೆ ಒಂದೇ ಸಲಕ್ಕೆ ನೆನಪಾಯಿತು. ಪಡಸಾಲೆಯಲ್ಲಿ ಮಲಗಿದ್ದ ವಿಶ್ವ ಎದ್ದು ಬಂದು ಬಿಚ್ಚಿದ ಕೂಲರಿನೊಳಗಿನ ಪಾಕೀಟುಗಳನ್ನು ನೋಡಿದ. ಅಲ್ಲ, ನನ್ನವಲ್ಲ ಎನ್ನಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಹೋದ. ಮರುದಿನ ಬೆಳಿಗ್ಗೆ ದೌಲಪ್ಪನ ಫೋನ್ ಬಂತು: ಅಳಿಯ ಬಂದಾನ, ತೋಟದ ಕೆಲಸ ಕಲೀತಾನಂತ, ಬಂಗಾರದಂಥಾ ಹುಡುಗ.

ಜಗದೇವಿ ಎರಡು ದಿನ ಒದ್ದಾಡಿ ಬುಧವಾರ ಹಾಜಿರಾಗೆ ಫೋನ್ ಮಾಡಿದಳು. ಪುಣೆಯ ನೌಕರಿಯ ಸುಳ್ಳನ್ನು ಒಪ್ಪಿಕೊಂಡಳು. ಆಕೆ ಬೈಯಲಿಲ್ಲ, ಅದೇ ಹೆಚ್ಚು ಉರಿಯಿತು.

“ಒಮ್ಮೆ ಮತ್ತ ಶುರು ಆದ್ರ ಎಲ್ಲಾ ಮುಗೀತು ಅಂತ ತಿಳಕೋಬ್ಯಾಡ್ರಿ ಟೀಚರ್. ಭಾಳ ಮಂದಿಗಿ ಹಿಂಗಾಗ್ತದ. ನಾಳೆ ಸಂಜಿ ಐದರ ತನ ಒಂದು ಬೆಡ್ ಹಿಡಿದು ಇಡ್ತೀನಿ. ಆದ್ರ ಅಂವ ತಾನೇ ಬಂದು ಸಹಿ ಮಾಡಬೇಕು, ಜುಲುಮಿಯಿಂದ ತಗೊಳ್ಳಾಂಗಿಲ್ಲ. ಅಲ್ಲೇ ಒಮ್ಮೆಲೇ ಬಿಡು ಅಂತ ಹಟ ಮಾಡಬ್ಯಾಡ್ರಿ, ಫಿಟ್ಸ್ ಬರ್ತಾವ. ಮತ್ತ ಒಂದು ಮಾತು, ಗುಳಿಗಿ ಯಾವಾಗ ನಿಂತು? ಯಾಕ ನಿಂತು?”

“ಗೊತ್ತಿಲ್ರಿ,” ಎಂದಳು ಜಗದೇವಿ. ಒಂದು ಸುಳ್ಳು ಒಪ್ಪಿಕೊಂಡ ಬಾಯಲ್ಲೇ ಇನ್ನೊಂದು ಉದುರಿತು. ಬಾಯಿಗೆ ಅಷ್ಟು ರೂಢಿಯಾಗಿತ್ತು.

ಗುರುವಾರ ರಜೆ ಹಾಕಿ, ಹುಮನಾಬಾದ್ ಬಸ್ಸು ಹತ್ತಿ, ಒಂಬತ್ತೂವರೆಗೆ ಕಮಲಾಪುರದಲ್ಲಿ ಇಳಿದಳು. ಅಣ್ಣನ ಮನೆಯ ಮುಂದೆ ಶಾಮಿಯಾನ ಏಳುತ್ತಿತ್ತು. ದೌಲಪ್ಪ ಬಿಳಿ ಧೋತರ ಉಟ್ಟು, ಕೈಯಲ್ಲೊಂದು ಕರಪತ್ರಗಳ ಕಟ್ಟು ಹಿಡಿದು ಓಡಾಡುತ್ತಿದ್ದ.

“ಬಾ ತಂಗಿ, ಬಾ. ಫೋನಿನ್ಯಾಗ ಹೇಳಿದ್ರ ಮಜಾ ಇರಾಂಗಿಲ್ಲ ಅಂತ ಸುಮ್ನಿದ್ದೆ. ಇವತ್ತ ಅಪ್ಪಗೋಳು ಬರ್ತಾರ. ಜೋಳಿಗಿಗಿ ಹಾಕಿ ಆರು ತಿಂಗಳು ಆಣಿ ನಡೆಸಿದವರಿಗಿ ಶಾಲು ಹೊಚ್ಚಿ ಸನ್ಮಾನ. ಮೊದಲನೇ ಹೆಸರು ಯಾರ್ದು, ನೋಡು!”

ಕರಪತ್ರದಲ್ಲಿ ವಿಶ್ವನ ಫೋಟೋ ಇತ್ತು. ಕೆಳಗೆ ದಪ್ಪಕ್ಷರದಲ್ಲಿ, ‘ದುಶ್ಚಟ ತ್ಯಜಿಸಿ ಯುವಕರಿಗೆ ಮಾದರಿಯಾದ ನಮ್ಮೂರ ಅಳಿಯ’ ಎಂದಿತ್ತು. ನೆಲ ಬಾಯಿಬಿಡಬಾರದೇ ಎಂದು ಕಥೆಗಳಲ್ಲಿ ಬರೆಯುತ್ತಾರೆ, ಮಕ್ಕಳಿಗೆ ಆ ನುಡಿಗಟ್ಟಿನ ಅರ್ಥವನ್ನೂ ಅವಳು ಬರೆಸಿದ್ದಳು. ಅದರ ಅರ್ಥ ತನಗೇ ಇವತ್ತು ಗೊತ್ತಾಯಿತು.

“ವಿಶ್ವ ಎಲ್ಲಿದಾನ ಅಣ್ಣ?”

“ತೋಟದ ಕೊಟ್ಟಿಗ್ಯಾಗ. ಹಗಲೆಲ್ಲಾ ಗೊನಿ ಹೊರ್ತಾನ. ಕೈ ಹ್ಯಾಂಗ ನಡುಗ್ತಾವ ನೋಡು, ಪಾಪ, ದುಡಿಮಿ ರೂಢಿ ಇಲ್ಲ. ಕರಕೊಂಡು ಬಾ, ಹನ್ನೊಂದಕ್ಕ ಅಪ್ಪಗೋಳು ಬಂದೇಬಿಡ್ತಾರ.”

ಅಣ್ಣ ಇಷ್ಟು ಭೋಳೆ ಇರಬಾರದಿತ್ತು. ಅವನಿಗೊಂದು ಅನುಮಾನ ಬಂದಿದ್ದರೂ ಅವಳಿಗೆ ಹಗುರಾಗುತ್ತಿತ್ತು.

ಕೊಟ್ಟಿಗೆಯಲ್ಲಿ ಕೊಯ್ದ ಗೊನೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅವುಗಳ ಹಿಂದೆ, ಗೋಣಿತಾಟಿನ ಮೇಲೆ, ವಿಶ್ವ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದ. ಮುಖ ಊದಿತ್ತು. ಹತ್ತಿರ ಹೋದರೆ ಮೂಗಿಗೆ ತಿಳಿಯಿತು. ಜಗದೇವಿ ಪಕ್ಕದಲ್ಲಿ ಕುಳಿತು ಅವನ ಕೈ ಹಿಡಿದಳು. ಅವಳ ಮುಷ್ಟಿಯೊಳಗೂ ಆ ಕೈ ನಡುಗುತ್ತಲೇ ಇತ್ತು.

“ಹಾಜಿರಾ ಮೇಡಂ ಬೆಡ್ ಹಿಡದಾರ. ಐದರ ಒಳಗ ಮುಟ್ಟಬೇಕು.”

“ಮತ್ತ ಶಾಲು?”

ತೋಟಕ್ಕೆ ಬರುವ ಹಾದಿಯಲ್ಲಿ ಜಗದೇವಿ ಅದನ್ನು ಯೋಚಿಸಿರಲಿಲ್ಲ, ಆದರೂ ಉತ್ತರ ತಾನಾಗಿ ಬಂತು. “ಹೊಚಗೊಂಡುಬಿಡು. ಐದು ನಿಮಿಷದ ಮಾತು. ಆಮ್ಯಾಲ ಪುಣೆದಿಂದ ಕರಿ ಬಂದದ ಅಂತ ಮಾಮಾಗ ಹೇಳಿ ಬಸ್ ಹತ್ತಮು.”

ವಿಶ್ವ ನಕ್ಕ. ಆ ನಗು ಅಳುವಿಗಿಂತ ಕೆಟ್ಟದಾಗಿತ್ತು. “ಪುಣೆ! ಈ ಸಲನೂ ಬಾಕರವಡಿ ಹಂಚ್ತೀ?”

ಅವಳು ತಲೆ ತಗ್ಗಿಸಿದಳು.

“ನಾ ಬರಾಂಗಿಲ್ಲ ಅವ್ವ. ಅಲ್ಲಿ ಹೋದ್ರ ಮತ್ತ ಅದೇ ಗುಳಿಗಿ ಕೊಡ್ತಾರ. ಅದನ್ನ ನಾ ಜೋಳಿಗಿಗಿ ಹಾಕೀನಿ. ಆಣಿ ಮುರಿದು ಕುಡದೀನಿ, ಈಗ ಆಣಿ ಮುರಿದು ಗುಳಿಗೀನೂ ತಿನ್ಲಿ? ಮೇಡಂ ಬಿಡಬಹುದು ಅಂದ್ರು, ಅಪ್ಪಗೋಳು ವಿಭೂತಿ ಹಚ್ಚಿದ್ರು, ನೀ ಮೈಕಿನ್ಯಾಗ ಹೊಗಳಿದಿ. ಎಲ್ಲಾರೂ ಬರೋಬರಿ ಮಾಡಿದ್ರು. ಔಷಧ ಬ್ಯಾಡ ಅನ್ನೋವಷ್ಟು ಚಲೋ ಆದಾವ ಮತ್ತ ಹೋಗಿ ಗಟಾರದಾಗ ಬಿದ್ದೆ. ಅಂದಮ್ಯಾಲ ರೋಗಲ್ಲ ಇದು, ನನ್ನ ಹುಟ್ಟೇ ಹಂಗದ. ಇನ್ನೊಬ್ರಿಗಿ ಆ ಬೆಡ್ ಕೊಡಂತ ಹೇಳು.”

ಜಗದೇವಿಗೆ ಆಗ ಕಂಡಿತು. ಮಾನ ಉಳಿಸಲೆಂದು ಹೇಳಿದ ಒಂದು ಮಾತು, ಎರಡು ಸಾಲಿನದೂ ಇರಲಿಲ್ಲ, ಈ ಹುಡುಗನ ಒಳಗೆ ಹೋಗಿ ಕುಳಿತು ಇಷ್ಟು ದಿನ ಅವನನ್ನು ತಿಂದಿದೆ. ಅವನು ತನ್ನನ್ನೇ ಹೊಲಸು ಎಂದುಕೊಂಡು ಕುಡಿದಿದ್ದಾನೆ, ಕುಡಿದು ಇನ್ನಷ್ಟು ಹಾಗೆ ಅಂದುಕೊಂಡಿದ್ದಾನೆ. ಹೇಳಿದರೆ ಮಗ ಇನ್ನು ತನ್ನ ಮುಖ ನೋಡಲಾರ. ಹೇಳದಿದ್ದರೆ ಮಗನೇ ಇರಲಾರ.

“ಮೇಡಂ ಬಿಡಬಹುದು ಅಂದಿದ್ದಿಲ್ಲ,” ಎಂದಳು.

“ಏನು?”

“ನಾ ಫೋನೇ ಮಾಡಿದ್ದಿಲ್ಲ, ವಿಶ್ವ. ಮಂದಿ ನೋಡಾಕತ್ತಿದ್ರು. ನಿನ್ನ ಕೈ ಖಾಲಿ ಇತ್ತು. ಸುಳ್ಳು ಹೇಳಿದೆ.”

ವಿಶ್ವ ತನ್ನ ಕೈ ಬಿಡಿಸಿಕೊಂಡ. ಎದ್ದು ಹೊರಗೆ ಹೋಗಿ ಬಾಳೆಯ ಬುಡದಲ್ಲಿ ವಾಂತಿ ಮಾಡಿಕೊಂಡ. ಜಗದೇವಿ ನೀರು ತೆಗೆದುಕೊಂಡು ಹೋದರೆ ಚೊಂಬನ್ನು ತಳ್ಳಿದ. ಬಾಯಿ ಒರೆಸಿಕೊಂಡು, ಅವಳ ಕಡೆ ನೋಡದೆಯೇ ಕೇಳಿದ.

“ನಾಕು ತಿಂಗಳು ನಾ ಸಾಯಬೇಕು ಅಂತ ಮಾಡಿದ್ದೆ, ಗೊತ್ತದೇನು ನಿಂಗ?”

ಇಪ್ಪತ್ತಾರು ವರ್ಷದ ಮಾತುಗಾರ್ತಿ ಬಾಳೆ ತೋಟದಲ್ಲಿ ಚೊಂಬು ಹಿಡಿದು ನಿಂತಳು.

“ಬರ್ತೀನಿ,” ಎಂದ ವಿಶ್ವ. “ಆದ್ರ ನೀ ಎಲ್ಲಾರ ಮುಂದ ಹಾಕ್ಸಿದಿ. ಎಲ್ಲಾರ ಮುಂದ ವಾಪಸ್ ಇಸ್ಕೊಂಡು ಬಾ. ಹಾಕಿದಾವ ನಾನು, ಹಾಕ್ಸಿದಾಕಿ ನೀನು. ಅಷ್ಟು ಮಾಡು, ಬರ್ತೀನಿ.”

“ಎಲ್ಲಾರ ಮುಂದ?”

“ಹೂಂ. ಅವತ್ತ ಮೈಕ್ ಹಿಡಿದಿದ್ದಿಲ್ಲಾ?”

ತೋಟದಿಂದ ಶಾಮಿಯಾನಕ್ಕೆ ಕಾಲು ತಾಸಿನ ದಾರಿ. ಆ ದಾರಿಯಲ್ಲಿ ಜಗದೇವಿ ಮೂರು ಸಲ ನಿಂತಳು. ಒಮ್ಮೆಯಂತೂ ಹಿಂದಕ್ಕೆ ತಿರುಗಿದಳು ಕೂಡ. ಅಪ್ಪನವರನ್ನು ಒಳಗೆ ಒಬ್ಬರನ್ನೇ ಕಂಡು ಕಿವಿಯಲ್ಲಿ ಹೇಳಿದರಾಗದೇ, ಮಗನಿಗೆ ಎಲ್ಲರ ಮುಂದೆ ಹೇಳಿದೆ ಎಂದರಾಗದೇ ಎಂದು ಮನಸ್ಸು ಆಗಲೇ ಹೊಸದೊಂದು ಸುಳ್ಳು ಹೊಲಿಯತೊಡಗಿತ್ತು. ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದು ಎನ್ನುತ್ತಾರೆ. ನಾಚಿಕೆಯಿಂದ ತನ್ನ ಹಣೆಯನ್ನು ತಾನೇ ಬಡಿದುಕೊಂಡು ಮುಂದೆ ನಡೆದಳು.

ಶಾಮಿಯಾನ ತುಂಬಿತ್ತು. ಅಪ್ಪನವರು ಗದ್ದುಗೆಯ ಮೇಲೆ ಕುಳಿತಿದ್ದರು, ಜೋಳಿಗೆ ತೊಡೆಯ ಮೇಲಿತ್ತು. ಬಾಲ್ಯದ ಗೆಳತಿಯರು, ಓಣಿಯ ಹಿರಿಯರು, ಕಲಬುರಗಿಗೆ ಓದಲು ಬಂದು ಇವಳ ಕೈಯಲ್ಲಿ ಕನ್ನಡ ಕಲಿತು ಈಗ ಮೀಸೆ ಬಂದ ಹುಡುಗರು ಎಲ್ಲ ಇದ್ದರು. ದೌಲಪ್ಪ ಅವಳನ್ನು ಕಂಡವನೇ ಮೈಕಿನಲ್ಲಿ, “ಈಗ ನನ್ನ ತಂಗಿ, ಜಗದೇವಿ ಟೀಚರ್, ಎರಡು ಮಾತು ಹೇಳ್ತಾರ,” ಎಂದು ಕೂಗಿ ಅದನ್ನು ಅವಳ ಕೈಗೆ ಕೊಟ್ಟ. ಜನ ಚಪ್ಪಾಳೆ ತಟ್ಟಿದರು.

ಜಗದೇವಿ ಮೈಕನ್ನು ಮೇಜಿನ ಮೇಲಿಟ್ಟಳು. ಗದ್ದುಗೆಯ ಮುಂದೆ ಮೊಣಕಾಲೂರಿ, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು.

“ಭಿಕ್ಷಾ ಹಾಕ್ರಿ ಅಪ್ಪಾ.”

ಅಪ್ಪನವರು ನಕ್ಕರು. “ಭಿಕ್ಷಾ ಬೇಡಾವ್ರು ನಾವು ತಾಯಿ. ನಮ್ಮ ಹತ್ರ ಏನದ ಕೊಡಾಕ?”

“ಶ್ರಾವಣದಾಗ ನನ್ನ ಮಗ ಜೋಳಿಗಿಗಿ ಹಾಕಿದ್ದು ಕೊಡ್ರಿ. ಅಂವ ಹಾಕಿದ್ದು ಚಟ ಅಲ್ರಿ, ಚಟ ಬಿಡಸೋ ಗುಳಿಗಿ. ಡಾಕ್ಟರ್ ವರ್ಷ ತಿನ್ನು ಅಂದಿದ್ರು. ಅಂವ ಬ್ಯಾಡಂದ್ರೂ ನಾನೇ ಸುಳ್ಳು ಹೇಳಿ ಹಾಕ್ಸಿದೆ, ನನ್ನ ಮಾನಕ್ಕ. ಈಗ ಮತ್ತ ಕುಡ್ಯಾಕತ್ತಾನ. ಆಣಿ ಮುರಿತದ ಅಂತ ಗುಳಿಗಿ ತಿನ್ನಾಕ ಒಲ್ಲೆ ಅಂತಾನ. ನನ್ನ ಮಗನ ಗುಳಿಗಿ ಕೊಡ್ರಿ ಅಪ್ಪಾ.”

ಮೆಲ್ಲಗೆ ಹೇಳಬೇಕೆಂದೇ ಶುರುಮಾಡಿದ್ದಳು. ಆದರೆ ಅದು ಇಪ್ಪತ್ತಾರು ವರ್ಷ ಕೊನೆಯ ಬೆಂಚಿಗೆ ಮುಟ್ಟಿಸಿದ ಗಂಟಲು, ಅದಕ್ಕೆ ಮೆಲ್ಲಗೆ ಬರುತ್ತಿರಲಿಲ್ಲ. ಶಾಮಿಯಾನದ ಕೊನೆಯಲ್ಲಿ ಚಹಾ ಸೋಸುತ್ತಿದ್ದವನೂ ಕೈ ನಿಲ್ಲಿಸಿದ. ಯಾರೋ ಒಬ್ಬಳು “ಅಯ್ಯ ನಮ್ಮವ್ವ” ಎಂದದ್ದು ಜಗದೇವಿಗೆ ಕೇಳಿಸಿತು. ಬೆನ್ನ ಮೇಲೆ ಊರಿನ ಕಣ್ಣೆಲ್ಲ ಬಿದ್ದಿದ್ದವು. ಒಡ್ಡಿದ ಸೆರಗನ್ನು ಅವಳು ಕೆಳಗಿಳಿಸಲಿಲ್ಲ.

ಅಪ್ಪನವರ ನಗು ಹೋಗಿತ್ತು. ಜೋಳಿಗೆಯ ಬಾಯಿ ಬಿಚ್ಚಿ ಒಳಗೆ ನೋಡಿದರು.

“ಜೋಳಿಗಿಗಿ ಏನು ಬಿತ್ತು ಅಂತ ನಾ ನೋಡಲಿಲ್ಲ. ಅದು ನನ್ನ ತಪ್ಪು,” ಎಂದರು. ಆಮೇಲೆ ಗದ್ದುಗೆಯ ಪಕ್ಕದ ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. “ಇದು ಬಿಪಿದು, ಇದು ಸಕ್ಕರಿ ರೋಗದ್ದು. ಹನ್ನೊಂದು ವರ್ಷ ಆತು ನುಂಗಾಕತ್ತಿ. ಗುಳಿಗಿ ತಿನ್ನೋದು ಚಟ ಆಗಿದ್ರ ಮೊದಲ ನಾನೇ ಇದನ್ನ ಜೋಳಿಗಿಗಿ ಹಾಕಬೇಕಿತ್ತು.”

ಒಬ್ಬಿಬ್ಬರು ನಕ್ಕರು. ಅಪ್ಪನವರು ನಗಲಿಲ್ಲ. “ಅವತ್ತ ಬಿದ್ದದ್ದೆಲ್ಲಾ ಮಠದ ಹಿಂದ ಸುಟ್ಟೀವಿ ತಾಯಿ. ಗುಳಿಗಿ ಎಲ್ಲಿಂದ ಕೊಡ್ಲಿ? ಅದರ ಕೂಡ ಬಿದ್ದ ಆಣಿ ಅದ, ಅದನ್ನ ಕೊಡ್ತೀನಿ. ಒಯ್ದು ಅವನಿಗಿ ಮುಟ್ಟಸು. ಔಷಧ ತಗೊಂಡ್ರ ಆಣಿ ಮುರಿಯಂಗಿಲ್ಲ, ನಡೀತದ ಅಂತ ಹೇಳು.” ಖಾಲಿ ಜೋಳಿಗೆಯೊಳಗೆ ಕೈಹಾಕಿ, ಹಿಡಿ ಮಾಡಿ ತೆಗೆದು, ಅವಳ ಸೆರಗಿನ ಮೇಲೆ ಬಿಚ್ಚಿದರು. ಏನೂ ಬೀಳಲಿಲ್ಲ. ಜಗದೇವಿ ಆ ಏನೂ ಇಲ್ಲದ್ದನ್ನು ಸೆರಗಿನ ತುದಿಯಲ್ಲಿ ಗಟ್ಟಿಯಾಗಿ ಗಂಟು ಹಾಕಿಕೊಂಡು ಎದ್ದಳು.

ದೌಲಪ್ಪ ಕರಪತ್ರಗಳ ಕಟ್ಟನ್ನು ಎದೆಗೊತ್ತಿಕೊಂಡು ನಿಂತಿದ್ದ. ಅವಳು ಹತ್ತಿರ ಬಂದಾಗ ತಗ್ಗಿದ ದನಿಯಲ್ಲಿ, “ನಂಗರೆ ಮೊದಲು ಹೇಳಬಾರದಿತ್ತೇನು? ನಾಕು ದಿನದಿಂದ ಅವನ ನಡುಗೋ ಕೈಲೆ ಗೊನಿ ಹೊರಿಸೀನಿ ನಾ,” ಎಂದ. ಅಣ್ಣ ಮುಖ ತಿರುಗಿಸಿದ. ಬಸ್ ಸ್ಟ್ಯಾಂಡಿಗೂ ಬರಲಿಲ್ಲ.

ವಿಶ್ವ ಶಾಮಿಯಾನದ ಹಿಂದೆ ನಿಲ್ಲಿಸಿದ್ದ ಟ್ರ್ಯಾಕ್ಟರಿನ ಮರೆಯಲ್ಲಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಅವಳ ಕೈಚೀಲ ಇಸಿದುಕೊಂಡು ಮುಂದೆ ನಡೆದ. ಬಸ್ಸಿನಲ್ಲಿ ತಾಯಿಯನ್ನು ಕಿಟಕಿಯ ಪಕ್ಕ ಕೂರಿಸಿ ತಾನು ಈಚೆ ಕುಳಿತ. ಕ್ಷಮಿಸಿದ್ದಾನೆಂದು ಜಗದೇವಿ ತಿಳಿದುಕೊಳ್ಳಲಿಲ್ಲ, ಅಷ್ಟು ದಡ್ಡಿಯಲ್ಲ. ಇಬ್ಬರ ನಡುವೆ ಒಂದು ಗೇಣು ಜಾಗ ಹಾಗೇ ಉಳಿದಿತ್ತು.

ಅರ್ಧ ದಾರಿಯಲ್ಲಿ ಶೀಲಾಳ ಫೋನ್ ಬಂತು. “ಟೀಚರ್, ನಳಾ ಬಂದಾವ್ರಿ, ನಿಮ್ಮ ಮನಿಗಿ ಕೀಲಿ ಅದ. ಎಲ್ಲಿ ಹೋಗೀರಿ?”

ಜಗದೇವಿ ಮಗನ ಕಡೆ ನೋಡಿದಳು. ಅವನು ಎದುರಿನ ಸೀಟಿನ ಬೆನ್ನು ನೋಡುತ್ತಿದ್ದ.

“ವಿಶ್ವಗ ಆಸ್ಪತ್ರಿಗಿ ಸೇರಸಾಕ ಹೊಂಟೀನಿ ಶೀಲಾ. ಕುಡಿತಕ್ಕ. ಹ್ವಾದ ವರ್ಷನೂ ಅದಕ್ಕೇ ಸೇರಿಸಿದ್ದೆ. ಪುಣೆಗಿ ಹೋಗಿದ್ದಿಲ್ಲ.”

ಆ ಕಡೆ ನೀರು ಕೊಡಕ್ಕೆ ಬೀಳುವ ಸದ್ದು ಕೇಳಿಸಿತು. ಆಮೇಲೆ ಶೀಲಾ ಹೇಳಿದಳು, “ಗೊತ್ತದ್ರಿ ಟೀಚರ್. ಆ ಬಾಕರವಡಿ ಇಲ್ಲೀವೇ, ನಮ್ಮನ್ಯಾಗ ದಿನಾ ತರ್ತಾರಲ್ರಿ. ಕಾಲೋನಿಗೆಲ್ಲಾ ಗೊತ್ತಿತ್ತು, ನಿಮಗ ಬ್ಯಾಸರ ಆಗ್ತದಂತ ಯಾರೂ ಬಾಯಿ ಬಿಡಲಿಲ್ಲ. ನಿಮ್ಮ ಹೊರಗಿನ ಡ್ರಮ್ ನಾ ತುಂಬಿಸ್ತೀನಿ, ನೀವು ಹೋಗಿ ಬರ್ರಿ.”

ಫೋನ್ ಇಟ್ಟು ಜಗದೇವಿ ಹೊರಗೆ ನೋಡಿದಳು. ಕೊಯ್ದ ತೊಗರಿಯ ಹೊಲಗಳು ಬಯಲಾಗಿ ಬಿದ್ದಿದ್ದವು. ಏಳು ಮನೆಯವರೂ ತನ್ನ ಮುಂದೆ ಆ ಬಾಕರವಡಿ ತಿಂದು, ಪುಣೆಯ ರುಚಿಯೇ ಬೇರೆ ಎಂದಿದ್ದರು. ಯಾರಿಂದ ಮುಚ್ಚಿಟ್ಟೆನೆಂದುಕೊಂಡಿದ್ದಳೋ ಅವರೇ ಇವಳ ಮಾನವನ್ನು ಮುಚ್ಚಿಟ್ಟುಕೊಂಡಿದ್ದರು. ಹಾಗಾದರೆ ಆ ಗುಳಿಗೆಯನ್ನು ಯಾರಿಗಾಗಿ ಹಾಕಿಸಿದ್ದು? ಆಗ ಬಂತು ಅಳು. ರವಿವಾರ ಬರಬೇಕಾದದ್ದು ಗುರುವಾರ ಬಸ್ಸಿನಲ್ಲಿ ಬಂತು. ವಿಶ್ವ ತನ್ನ ಕರವಸ್ತ್ರ ತೆಗೆದು ಅವಳ ಮಡಿಲಿಗೆ ಹಾಕಿದ, ಮುಖ ಮಾತ್ರ ತಿರುಗಿಸಲಿಲ್ಲ.

ಕೇಂದ್ರ ಮುಟ್ಟಿದಾಗ ನಾಲ್ಕು ಗಂಟೆಯಾಗಿತ್ತು. ಹಾಜಿರಾ ಎದ್ದು ಬಂದು ವಿಶ್ವನ ಭುಜ ಮುಟ್ಟಿ, “ಬಂದಿಯಲ್ಲ, ಸಾಕು. ಕೂಡು,” ಎಂದು ಮೇಜಿನ ಮೇಲೆ ಫಾರಂ ಬಿಡಿಸಿದಳು. ಹೆಸರು, ವಯಸ್ಸು, ಎಷ್ಟು ದಿನದಿಂದ ಎಂದು ಒಂದೊಂದೇ ಕೇಳಿ ಬರೆದಳು. ಕೊನೆಗೆ ಪೆನ್ನು ನಿಂತಿತು.

“ಗುಳಿಗಿ ಶ್ರಾವಣದಾಗ ನಿಂತಾವ ಅಂದಿ. ಯಾರು ಬಿಡಿಸಿದ್ರು?”

ವಿಶ್ವ ತಾಯಿಯ ಕಡೆ ಒಮ್ಮೆ ನೋಡಿದ. ಅವಳು ಸೆರಗಿನ ಗಂಟು ಹಿಡಿದು ಕುಳಿತಿದ್ದಳು.

“ಯಾರೂ ಇಲ್ರಿ ಮೇಡಂ. ನಾನೇ ಬಿಟ್ಟೆ.”

ಎಷ್ಟು ಸಲೀಸಾಗಿ ಹೇಳಿದ! ರೆಪ್ಪೆ ಕೂಡ ಬಡಿಯಲಿಲ್ಲ. ಕಮಲಾಪುರದಲ್ಲಿ ಅಷ್ಟು ಜನರ ಎದುರು ಬೇಡಿಸಿದವನು ಇಲ್ಲಿ ಒಬ್ಬಳ ಎದುರು ತಾಯಿಯ ಮಾನ ಮುಚ್ಚುತ್ತಿದ್ದ. ಶಾಮಿಯಾನದಲ್ಲಿ ಕೂಡ ಅವಳಿಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಈ ವಿದ್ಯೆಯನ್ನೂ ಅವನಿಗೆ ಕಲಿಸಿದವಳು ಅವಳೇ.

“ಸುಳ್ಳು ರೀ ಅದು,” ಎಂದಳು ಜಗದೇವಿ. “ನಾ ಬಿಡಿಸೀನಿ. ನೀವೇ ಬಿಡಬಹುದು ಅಂದೀರಿ ಅಂತ ನಿಮ್ಮ ಹೆಸರಲೆ ಸುಳ್ಳು ಹೇಳಿ ಬಿಡಿಸೀನಿ. ನಿನ್ನೆ ಕೇಳಿದ್ರ ಗೊತ್ತಿಲ್ಲ ಅಂದೆ, ಅದೂ ಸುಳ್ಳು. ಹಂಗೇ ಬರಕೋರಿ.”

ಹಾಜಿರಾ ಇಬ್ಬರನ್ನೂ ನೋಡಿದಳು. ಆಮೇಲೆ ತಲೆ ತಗ್ಗಿಸಿ, ಹಾಗೆಯೇ ಬರೆದುಕೊಂಡಳು. ಬರೆದು ಮುಗಿಸಿ ಫಾರಮನ್ನು ವಿಶ್ವನ ಮುಂದೆ ಸರಿಸಿದಳು.

ವಿಶ್ವ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದು ಸಹಿ ಮಾಡತೊಡಗಿದ. ಆದರೂ ಪೆನ್ನು ನಿಲ್ಲಲಿಲ್ಲ. ಹೆಸರು ಗೆರೆ ಬಿಟ್ಟು ಕೆಳಗೆ ಇಳಿಯಿತು, ನಡುವಿನ ಒಂದು ಅಕ್ಷರ ಹಾರಿಯೇ ಹೋಯಿತು. ಅವನು ತಡೆದು, ಅಭ್ಯಾಸದಂತೆ ತಾಯಿಯ ಮುಖ ನೋಡಿದ.

“ಇರ್ಲಿ,” ಎಂದಳು ಜಗದೇವಿ ಟೀಚರ್. “ಹಂಗೇ ಇರ್ಲಿ ಬಿಡು.”